ಕಿಡ್ನಿ ತೊಂದರೆ ಇರುವ ಮಾವನವರಿಗೆ ಸಂಜೆ ಏನು ಸಿಹಿ ಮಾಡಿಕೊಡಲಿ?

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ. ಕಿಡ್ನಿ ತೊಂದರೆ ಇದೆ ಎಂದು ಗೊತ್ತಾಗಿ ಎರಡು ವರ್ಷವಾಯಿತು. ಡಯಾಲಿಸಿಸ್ ಶುರುವಾಗಿಲ್ಲ. ಕಳೆದ ವಾರದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 3.1, ಪೊಟ್ಯಾಸಿಯಂ 5.6, ಫಾಸ್ಫರಸ್ 4.9 ಬಂದಿದೆ. ಬಿಪಿಗೆ ಮಾತ್ರೆ ತಗೊಳ್ಳುತ್ತಾರೆ, ಶುಗರ್ ಇಲ್ಲ. ಊಟ ಸೇರುತ್ತಿಲ್ಲ. ಆರು ತಿಂಗಳಲ್ಲಿ 58 ಕೆಜಿಯಿಂದ 54ಕ್ಕೆ ಇಳಿದಿದ್ದಾರೆ. ಸಂಜೆ ಕಾಫಿ ಜೊತೆ ಮಾತ್ರ ಏನಾದರೂ ಸಿಹಿ ಬೇಕೇ ಬೇಕು. ಸಕ್ಕರೆ ಒಳ್ಳೆಯದಲ್ಲ ಅಂತ ನಾನು ಖರ್ಜೂರ, ಬಾದಾಮಿ, ಗೋಡಂಬಿ, ಎಳ್ಳು ಹಾಕಿ ಉಂಡೆ ಕಟ್ಟಿ ದಿನಕ್ಕೆ ಎರಡು ಕೊಡುತ್ತಿದ್ದೆ. ಈಗ ಡಾಕ್ಟರು ಪೊಟ್ಯಾಸಿಯಂ ಜಾಸ್ತಿಯಾಗಿದೆ, ಆಹಾರ ನೋಡಿಕೊಳ್ಳಿ ಅಂದಿದ್ದಾರೆ. ಮನೆಯಲ್ಲೇ ಸುಲಭವಾಗಿ ಮಾಡುವ, ಅವರಿಗೆ ಆಗಿಬರುವ ಒಂದು ಸಿಹಿ ತಿಂಡಿ ಹೇಳುತ್ತೀರಾ? ಸಂಕ್ರಾಂತಿಗೆ ಏನು ಮಾಡಬೇಕು ಅಂತಲೂ ತಿಳಿಸಿ.

ಉತ್ತರ: ನಿಮ್ಮ ಮಾವನವರಿಗೆ ನಾನು ಹೇಳುವ ಸಿಹಿ ಅನಾನಸ್ ಹಾಕಿದ ಕೇಸರಿಬಾತ್. ಚಿರೋಟಿ ರವೆ, ಸಕ್ಕರೆ, ತುಪ್ಪ, ಸ್ವಲ್ಪ ಅನಾನಸ್, ಏಲಕ್ಕಿ. ಗೋಡಂಬಿ, ದ್ರಾಕ್ಷಿ ಬೇಡ, ಹಾಲೂ ಬೇಡ. ಮಾಡುವ ವಿಧಾನವನ್ನು ಅಳತೆ ಸಮೇತ ಕೆಳಗೆ ಕೊಟ್ಟಿದ್ದೇನೆ. ಅದಕ್ಕೂ ಮೊದಲು ಖರ್ಜೂರದ ಉಂಡೆಯನ್ನು ಇವತ್ತೇ ನಿಲ್ಲಿಸಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಅದು ಅರ್ಥವಾದರೆ ಮುಂದೆ ಯಾವ ಸಿಹಿ ಕೊಡಬಹುದು, ಯಾವುದು ಬೇಡ ಅನ್ನುವುದನ್ನು ನೀವೇ ನಿರ್ಧರಿಸಬಹುದು.

ನೀವು ಅಕ್ಕರೆಯಿಂದ ಮಾಡಿದ ಉಂಡೆ ಅದು. ಆರೋಗ್ಯವಂತರಿಗೆ ಒಳ್ಳೆಯ ತಿಂಡಿಯೇ. ಆದರೆ ಕಿಡ್ನಿ ಸರಿಯಾಗಿ ಕೆಲಸ ಮಾಡದವರಿಗೆ ಲೆಕ್ಕ ಬೇರೆ. ನಾವು ತಿಂದ ಪೊಟ್ಯಾಸಿಯಂ, ಫಾಸ್ಫರಸ್‌ಗಳಲ್ಲಿ ಬೇಕಾದಷ್ಟನ್ನು ದೇಹ ಇಟ್ಟುಕೊಂಡು ಮಿಕ್ಕಿದ್ದನ್ನು ಮೂತ್ರದಲ್ಲಿ ಹೊರಗೆ ಹಾಕುವುದು ಕಿಡ್ನಿಯ ಕೆಲಸ. 67 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 3.1 ಇದ್ದರೆ ಕಿಡ್ನಿ ಸೋಸುವ ವೇಗ, ಅಂದರೆ ರಿಪೋರ್ಟಿನಲ್ಲಿ ಇಜಿಎಫ್ಆರ್ ಅಂತ ಬರೆದಿರುವುದು, ಸುಮಾರು 21. ಇದು ಕಿಡ್ನಿ ರೋಗದ ನಾಲ್ಕನೇ ಹಂತ. ಈ ಹಂತದಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವುದು ನಿಧಾನವಾಗುತ್ತದೆ. ರಕ್ತದಲ್ಲಿ ಅದು 3.5ರಿಂದ 5ರ ಒಳಗೆ ಇರಬೇಕು. ತುಂಬ ಏರಿದರೆ ಹೃದಯದ ಬಡಿತದ ಲಯವೇ ತಪ್ಪಬಹುದು. ಅದಕ್ಕೇ ಡಾಕ್ಟರು ಎಚ್ಚರಿಸಿದ್ದು.

ಈಗ ಉಂಡೆಯ ಲೆಕ್ಕ ನೋಡೋಣ. 30 ಗ್ರಾಂನ ಒಂದು ಉಂಡೆಯಲ್ಲಿ ಅರ್ಧ ಖರ್ಜೂರ, ಮಿಕ್ಕಿದ್ದು ಬಾದಾಮಿ, ಗೋಡಂಬಿ, ಎಳ್ಳು ಅಂದುಕೊಳ್ಳಿ. 100 ಗ್ರಾಂ ಖರ್ಜೂರದಲ್ಲಿ 650 ಮಿಗ್ರಾಂಗೂ ಜಾಸ್ತಿ ಪೊಟ್ಯಾಸಿಯಂ ಇದೆ. ಬಾದಾಮಿಯಲ್ಲಿ 730ರ ಆಸುಪಾಸು, ಗೋಡಂಬಿಯಲ್ಲಿ 660. ಎಳ್ಳಿನಲ್ಲಿ ಪೊಟ್ಯಾಸಿಯಂ ಸ್ವಲ್ಪ ಕಡಿಮೆ, ಆದರೆ ಫಾಸ್ಫರಸ್ 600 ದಾಟುತ್ತದೆ. ಎಲ್ಲ ಕೂಡಿಸಿದರೆ ದಿನಕ್ಕೆ ಎರಡು ಉಂಡೆಯಿಂದ ಸುಮಾರು 400 ಮಿಗ್ರಾಂ ಪೊಟ್ಯಾಸಿಯಂ, 190 ಮಿಗ್ರಾಂ ಫಾಸ್ಫರಸ್ ಹೋಗುತ್ತಿತ್ತು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣು ತಿಂದರೆ ಹೋಗುವಷ್ಟೇ ಪೊಟ್ಯಾಸಿಯಂ ಇದು. ಬಾಳೆಹಣ್ಣು ಬೇಡ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಉಂಡೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಒಂದು ಮಾತು ಸೇರಿಸಬೇಕು. ಎಳ್ಳು, ಬಾದಾಮಿ, ಬೇಳೆಗಳಲ್ಲಿರುವ ಫಾಸ್ಫರಸ್ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಹೆಚ್ಚುಕಮ್ಮಿ ಅರ್ಧ ಹಾಗೆಯೇ ಹೊರಗೆ ಹೋಗುತ್ತದೆ. ಹಾಗಾಗಿ ಉಂಡೆಯ ದೊಡ್ಡ ಚಿಂತೆ ಪೊಟ್ಯಾಸಿಯಂ. ಪ್ಯಾಕೆಟ್ ತಿಂಡಿಗಳಲ್ಲಿ ಕೆಡದಂತೆ, ಉಬ್ಬುವಂತೆ ಹಾಕುವ ಫಾಸ್ಫೇಟ್ ಮಾತ್ರ ಬೇರೆ ತರಹ. ಅದು ಬಹುಪಾಲು ನೇರವಾಗಿ ರಕ್ತಕ್ಕೆ ಹೋಗುತ್ತದೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನು ಬೆಲ್ಲ. "ಸಕ್ಕರೆ ವಿಷ, ಬೆಲ್ಲ ಅಮೃತ" ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕಬ್ಬಿನ ಹಾಲನ್ನು ಕಾಯಿಸಿ ಗಟ್ಟಿ ಮಾಡಿದ್ದೇ ಬೆಲ್ಲ. ಆ ಹಾಲಿನಲ್ಲಿದ್ದ ಖನಿಜಗಳೆಲ್ಲ ಅದರಲ್ಲೇ ಉಳಿದಿರುತ್ತವೆ. 100 ಗ್ರಾಂ ಬೆಲ್ಲದಲ್ಲಿ ನೂರಾರು ಮಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಕೆಲವು ಬೆಲ್ಲದಲ್ಲಿ ಸಾವಿರದ ಹತ್ತಿರ ಬರುತ್ತದೆ. ಬಿಳಿ ಸಕ್ಕರೆ ಮಾಡುವಾಗ ಅದೆಲ್ಲ ಕಳೆದುಹೋಗಿರುತ್ತದೆ. 100 ಗ್ರಾಂ ಸಕ್ಕರೆಯಲ್ಲಿ ಉಳಿಯುವುದು ಎರಡೋ ಮೂರೋ ಮಿಗ್ರಾಂ. ಬೆಲ್ಲದ ಯಾವ ಗುಣವನ್ನು ನಾವು ಹೊಗಳುತ್ತೇವೋ ಅದೇ ನಿಮ್ಮ ಮಾವನವರಿಗೆ ಬೇಡವಾದದ್ದು. ಶುಗರ್ ಇಲ್ಲದ, ಪೊಟ್ಯಾಸಿಯಂ ಏರಿರುವ ಅವರಂಥವರಿಗೆ ಸಕ್ಕರೆಯೇ ವಾಸಿ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಗೋಧಿ ಹಿಟ್ಟು, ರಾಗಿ, ಕಡಲೆ ಹಿಟ್ಟಿನ ಕಥೆಯೂ ಹೀಗೇ. ಸಿಪ್ಪೆ, ಹೊಟ್ಟು ಇರುವ ಕಡೆ ಖನಿಜ ಜಾಸ್ತಿ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 360 ಮಿಗ್ರಾಂ ಪೊಟ್ಯಾಸಿಯಂ ಇದ್ದರೆ ರಾಗಿಯಲ್ಲಿ 400 ದಾಟುತ್ತದೆ, ಕಡಲೆ ಹಿಟ್ಟಿನಲ್ಲಿ 800 ದಾಟುತ್ತದೆ. ಅದೇ ರವೆಯಲ್ಲಿ 186, ಮೈದಾದಲ್ಲಿ 107, ಅಕ್ಕಿ ಹಿಟ್ಟಿನಲ್ಲಿ 76. ಸಬ್ಬಕ್ಕಿಯಲ್ಲಂತೂ ಬರೀ 11. ಹಾಗಂತ ಕಿಡ್ನಿ ತೊಂದರೆ ಇರುವ ಎಲ್ಲರೂ ರಾಗಿ ಬಿಡಬೇಕು ಅಂತಲ್ಲ. ಪೊಟ್ಯಾಸಿಯಂ 4.2, 4.5 ಇರುವವರಿಗೆ ನಾನೇ ಮುದ್ದೆ ತಿನ್ನಿ ಅನ್ನುತ್ತೇನೆ. ರಿಪೋರ್ಟ್ ನೋಡದೆ ಎಲ್ಲರಿಗೂ ಒಂದೇ ಪಟ್ಟಿ ಹಂಚುವುದು ತಪ್ಪು. ಪಕ್ಕದ ಮನೆಯವರ ಡಯಟ್ ಚೀಟಿಯನ್ನು ದಯವಿಟ್ಟು ಫೋಟೊ ತೆಗೆದುಕೊಂಡು ಬಂದು ಅನುಸರಿಸಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಸಿಹಿಯ ವಿಷಯವಲ್ಲ. ಅವರು ನಾಲ್ಕು ಕೆಜಿ ಇಳಿದಿರುವುದು. ಈ ಹಂತದ ರೋಗಿಗಳಿಗೆ ಪ್ರೋಟೀನ್ ಮಿತಿಯಲ್ಲಿರಬೇಕು. ಕೆಜಿ ತೂಕಕ್ಕೆ ದಿನಕ್ಕೆ 0.8 ಗ್ರಾಂ, ಅಂದರೆ 54 ಕೆಜಿಗೆ ಸುಮಾರು 43 ಗ್ರಾಂ. ಆದರೆ ಕ್ಯಾಲೊರಿ ಕಡಿಮೆಯಾಗಬಾರದು. ಕೆಜಿಗೆ 25ರಿಂದ 35, ಅವರ ತೂಕಕ್ಕೆ ದಿನಕ್ಕೆ ಸುಮಾರು 1350ರಿಂದ 1900 ಕ್ಯಾಲೊರಿ ಬೇಕು. ಬೇಳೆ ಕಡಿಮೆ, ಹಾಲು ಕಡಿಮೆ, ಕಾಯಿ ಕಡಿಮೆ, ಹಣ್ಣು ಕಡಿಮೆ ಅಂತ ಎಲ್ಲವನ್ನೂ ಕತ್ತರಿಸುತ್ತಾ ಹೋದರೆ ತಟ್ಟೆಯಲ್ಲಿ ಉಳಿಯುವುದು ಸಪ್ಪೆ ಅನ್ನ. ಅದು ಯಾರಿಗೂ ಸೇರುವುದಿಲ್ಲ. ಆಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಶಕ್ತಿ ಪಡೆಯುತ್ತದೆ. ಹಾಗೆ ಕರಗಿದ ಮಾಂಸಖಂಡದಿಂದಲೂ ಯೂರಿಯಾ, ಪೊಟ್ಯಾಸಿಯಂ ರಕ್ತಕ್ಕೆ ಬಂದು ಬೀಳುತ್ತವೆ. ಹೊಟ್ಟೆ ತುಂಬ ತಿನ್ನದೇ ಇರುವುದೂ ರಿಪೋರ್ಟನ್ನು ಕೆಡಿಸುತ್ತದೆ ಅನ್ನುವುದು ತುಂಬ ಮನೆಗಳಲ್ಲಿ ಗೊತ್ತಿಲ್ಲ.

ಆದ್ದರಿಂದ ಸಂಜೆಯ ಸಿಹಿಯನ್ನು ಬರೀ ಬಾಯಿಚಪಲ ಅಂತ ನೋಡಬೇಡಿ. ಸಕ್ಕರೆ, ತುಪ್ಪ, ರವೆ ಇವು ಪ್ರೋಟೀನ್, ಪೊಟ್ಯಾಸಿಯಂ ಜಾಸ್ತಿ ಮಾಡದೆ ಕ್ಯಾಲೊರಿ ಕೊಡುತ್ತವೆ. ಅವರಿಗೆ ಈಗ ಬೇಕಾಗಿರುವುದು ಅದೇ. ಊಟ ಸೇರದವರು ಇಷ್ಟಪಟ್ಟು ತಿನ್ನುವ ಒಂದು ಹೊತ್ತು ಇದೆ ಅಂದರೆ ಅದನ್ನು ಕಿತ್ತುಕೊಳ್ಳಬಾರದು, ಸರಿಪಡಿಸಿ ಕೊಡಬೇಕು.

ಈಗ ಕೇಸರಿಬಾತ್ ಮಾಡೋಣ. ಆರು ಪಾಲಿಗೆ 100 ಗ್ರಾಂ ಚಿರೋಟಿ ರವೆ, 100 ಗ್ರಾಂ ಸಕ್ಕರೆ, 40 ಗ್ರಾಂ ತುಪ್ಪ, ಸಿಪ್ಪೆ ಮತ್ತು ನಡುವಿನ ದಿಂಡು ತೆಗೆದು ಸಣ್ಣಗೆ ಹೆಚ್ಚಿದ 100 ಗ್ರಾಂ ಅನಾನಸ್, 350 ಮಿಲಿ ನೀರು, ಎರಡು ಏಲಕ್ಕಿ, ಎರಡು ಲವಂಗ ಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ಅಳತೆ ಕಪ್ಪಿನಲ್ಲಿ ಸಕ್ಕರೆ ಅರ್ಧ ಕಪ್, ರವೆ ಅರ್ಧ ಕಪ್ಪಿಗಿಂತ ಸ್ವಲ್ಪ ಜಾಸ್ತಿ, ತುಪ್ಪ ಮೂರು ದೊಡ್ಡ ಚಮಚ. ಆದರೆ ಅಡುಗೆಮನೆಗೆ ಒಂದು ಸಣ್ಣ ತೂಕದ ಯಂತ್ರ ತಂದಿಟ್ಟುಕೊಳ್ಳಿ ಅಂತ ನಾನು ಒತ್ತಾಯ ಮಾಡುತ್ತೇನೆ. ಕಿಡ್ನಿ ರೋಗಿ ಇರುವ ಮನೆಯಲ್ಲಿ ಅದಕ್ಕೆ ದಿನಾ ಕೆಲಸ ಇರುತ್ತದೆ.

ಮೊದಲು ಅನಾನಸ್ ಚೂರುಗಳನ್ನು ಬೇರೆ ನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರನ್ನು ಚೆಲ್ಲಿಬಿಡಿ. ಪೊಟ್ಯಾಸಿಯಂ ನೀರಿನಲ್ಲಿ ಕರಗುವುದರಿಂದ ಒಂದಿಷ್ಟು ಅಲ್ಲೇ ಹೋಗುತ್ತದೆ. ಅನಾನಸ್‌ನಲ್ಲಿ ಹೇಗೂ ಪೊಟ್ಯಾಸಿಯಂ ಕಡಿಮೆ, 100 ಗ್ರಾಂಗೆ 109 ಮಿಗ್ರಾಂ. ಆದರೂ 5.6 ಇರುವಾಗ ಈ ಐದು ನಿಮಿಷ ಉಳಿಸುವುದು ಬೇಡ. ಡಬ್ಬಿಯ ಅನಾನಸ್ ಆದರೆ ಅದರ ರಸವನ್ನು ಪೂರ್ತಿ ಬಸಿದು ಚೂರು ಮಾತ್ರ ಬಳಸಿ.

ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ ಲವಂಗ ಹಾಕಿ. ಅದು ಉಬ್ಬಿದ ಮೇಲೆ ರವೆ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಆರೇಳು ನಿಮಿಷ ಕೈಬಿಡದೆ ತಿರುವಬೇಕು. ಘಮ ಬರಬೇಕು, ಆದರೆ ಬಣ್ಣ ಕೆಂಪಾಗಬಾರದು. ಚಿರೋಟಿ ರವೆ ಸಣ್ಣದಿರುವುದರಿಂದ ಬೇಗ ಹತ್ತಿಕೊಳ್ಳುತ್ತದೆ. ಹುರಿದದ್ದನ್ನು ತಟ್ಟೆಗೆ ಸುರಿದಿಡಿ. ಅದೇ ಬಾಣಲೆಯಲ್ಲಿ 350 ಮಿಲಿ ನೀರು, ಬೇಯಿಸಿದ ಅನಾನಸ್, ಒಂದು ಚಮಚ ಸಕ್ಕರೆ ಹಾಕಿ ಕುದಿಸಿ. ಈ ಒಂದು ಚಮಚ ಸಕ್ಕರೆ ಹಣ್ಣಿನ ಒಳಗೆ ಹೋಗಲಿ ಅಂತ. ಇಲ್ಲದಿದ್ದರೆ ತಿನ್ನುವಾಗ ಚೂರು ಹುಳಿ ಹುಳಿಯಾಗಿ ಸಿಗುತ್ತದೆ.

ನೀರು ಕುದಿಯುತ್ತಿರುವಾಗ ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಗಂಟಾಗದಂತೆ ಬೆರೆತ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಬಿಡಿ. ರವೆ ಪೂರ್ತಿ ಬೆಂದು ಅರಳಿದ ಮೇಲೇ ಉಳಿದ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಸಕ್ಕರೆ ನೀರನ್ನು ಹಿಡಿದುಕೊಂಡು ರವೆ ಅರ್ಧಂಬರ್ಧ ಬೇಯುತ್ತದೆ. ಆರಿದ ಮೇಲೆ ಗಟ್ಟಿಯಾಗಿ, ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ಹಲ್ಲು ಸಡಿಲವಿರುವ ಹಿರಿಯರಿಗೆ ಕಷ್ಟ. ಸಕ್ಕರೆ ಹಾಕಿದ ಕೂಡಲೇ ಎಲ್ಲ ನೀರಾದಂತೆ ಕಾಣುತ್ತದೆ, ಗಾಬರಿ ಬೇಡ. ತಿರುವುತ್ತಾ ಇರಿ. ಉಳಿದ ತುಪ್ಪವನ್ನು ಎರಡು ಸಲ ಹಾಕಿ. ಬಾಣಲೆಯ ಅಂಚು ಬಿಟ್ಟು ಬರುವಾಗ ಏಲಕ್ಕಿ ಪುಡಿ ಹಾಕಿ ಇಳಿಸಿ. ಬಣ್ಣಕ್ಕೆ ನಾಲ್ಕು ಎಸಳು ಕೇಸರಿ ಸಾಕು. ಕೇಸರಿ ಇಲ್ಲದಿದ್ದರೆ ಹುರಿಯುವಾಗ ಚಿಟಿಕೆಯಲ್ಲಿ ಅರ್ಧ ಅರಿಶಿನ. ರುಚಿಗೆ ಅಂತ ಉಪ್ಪು ಹಾಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ.

ಗೋಡಂಬಿ ಇಲ್ಲದ ಕೇಸರಿಬಾತ್ ಅಂದರೆ ಮಾವನವರು ಮುಖ ಸಣ್ಣ ಮಾಡಬಹುದು. ಲವಂಗ ಹಾಕಿಸಿದ್ದು ಅದಕ್ಕೇ. ತುಪ್ಪದಲ್ಲಿ ಅರಳಿದ ಲವಂಗದ ವಾಸನೆ ಬಂದರೆ ನಮ್ಮ ಮದುವೆಮನೆಯ ಕೇಸರಿಬಾತೇ ಆಗುತ್ತದೆ, ಗೋಡಂಬಿಯ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹಬ್ಬದ ದಿನ ಒಂದೇ ಒಂದು ಗೋಡಂಬಿಯನ್ನು ಅವರ ಪಾಲಿನ ಮೇಲೆ ಇಟ್ಟರೆ ಏನೂ ಆಗುವುದಿಲ್ಲ.

ಇದನ್ನು ಆರು ಪಾಲು ಮಾಡಿದರೆ ಒಂದೊಂದು ಪಾಲು ಒಂದು ಸಣ್ಣ ಬಟ್ಟಲಿನಷ್ಟಾಗುತ್ತದೆ. ಒಂದು ಪಾಲಿನಲ್ಲಿ ಸುಮಾರು 195 ಕ್ಯಾಲೊರಿ, 2 ಗ್ರಾಂ ಚಿಲ್ಲರೆ ಪ್ರೋಟೀನ್, 50 ಮಿಗ್ರಾಂ ಪೊಟ್ಯಾಸಿಯಂ, 25 ಮಿಗ್ರಾಂ ಫಾಸ್ಫರಸ್ ಇರುತ್ತದೆ. ಸೋಡಿಯಂ ಇಲ್ಲವೆಂದೇ ಹೇಳಬಹುದು. ಉಂಡೆಯ 400 ಎಲ್ಲಿ, ಇದರ 50 ಎಲ್ಲಿ! ದಿನಕ್ಕೆ ಒಂದು ಪಾಲು ಕೊಡಿ. ಹಾಲಿಲ್ಲದ ಕಾರಣ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ಕೊಡುವಾಗ ಎರಡು ಚಮಚ ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಅನಾನಸ್ ಆಗದವರು ಸೇಬು ಹಾಕಬಹುದು. ಅದರಲ್ಲೂ ಪೊಟ್ಯಾಸಿಯಂ ಅಷ್ಟೇ, ನೂರರ ಆಸುಪಾಸು. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ಇದೇ ಕ್ರಮದಲ್ಲಿ ಮಾಡಿ. ಬಾಳೆಹಣ್ಣು ಹಾಕಿ ಮಾಡುವ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಮಾತ್ರ ಬೇರೆ ಲೆಕ್ಕ. ಅದರಲ್ಲಿ ಹಾಲೂ ಇದೆ, ಬಾಳೆಹಣ್ಣೂ ಇದೆ, ದ್ರಾಕ್ಷಿ ಗೋಡಂಬಿಯೂ ಇದೆ. ಪ್ರಸಾದ ಅಂತ ಒಂದು ಚಮಚ ಸಾಕು.

ಹಣ್ಣಿನ ಮಾತು ಬಂದಾಗ ಒಂದು ಗಂಭೀರ ಎಚ್ಚರಿಕೆ. ಕಮರಾಕ್ಷಿ ಹಣ್ಣು, ಕರಾವಳಿ ಕಡೆ ದಾರೆಹುಳಿ ಅನ್ನುತ್ತಾರಲ್ಲ, ಕತ್ತರಿಸಿದರೆ ನಕ್ಷತ್ರದ ಆಕಾರ ಬರುವುದು, ಅದನ್ನು ಕಿಡ್ನಿ ತೊಂದರೆ ಇರುವವರು ಒಂದು ಚೂರೂ ತಿನ್ನಬಾರದು. ಜ್ಯೂಸ್, ಉಪ್ಪಿನಕಾಯಿ, ಗೊಜ್ಜು ಯಾವ ರೂಪದಲ್ಲೂ ಬೇಡ. ಅದರಲ್ಲಿ ಮೆದುಳು ನರಗಳಿಗೆ ಆಗದ ಒಂದು ವಿಷದ ಅಂಶ ಇದೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಉಳಿದು ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಬಹುದು, ಜೀವಕ್ಕೂ ಅಪಾಯ ಆಗಬಹುದು. ಹಿತ್ತಲಲ್ಲಿ ಮರ ಇರುವ ಮನೆಯವರು ಇದನ್ನು ಮನೆಮಂದಿಗೆಲ್ಲ ಹೇಳಿಡಿ.

ದಿನಾ ಕೇಸರಿಬಾತ್ ಬೇಸರ ಬಂದರೆ ಶಂಕರಪೋಳಿ ಮಾಡಿಡಿ. 200 ಗ್ರಾಂ ಮೈದಾಗೆ 70 ಗ್ರಾಂ ಸಕ್ಕರೆ ಪುಡಿ, 40 ಗ್ರಾಂ ಬಿಸಿ ತುಪ್ಪ ಹಾಕಿ ಬೆರಳಲ್ಲಿ ಉಜ್ಜಿ. ಹಿಟ್ಟು ಮುಷ್ಟಿ ಕಟ್ಟಿದರೆ ನಿಲ್ಲುವಂತಾಗಬೇಕು. ಏಲಕ್ಕಿ ಹಾಕಿ, ಸ್ವಲ್ಪ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲೆಸಿ, ಅರ್ಧ ಗಂಟೆ ಬಿಟ್ಟು, ಲಟ್ಟಿಸಿ ಕತ್ತರಿಸಿ ಹದವಾದ ಉರಿಯಲ್ಲಿ ಕರಿಯಿರಿ. ಗರಿಗರಿಯಾಗಲು ಸೋಡಾ ಬೇಕಿಲ್ಲ, ಬಿಸಿ ತುಪ್ಪವೇ ಆ ಕೆಲಸ ಮಾಡುತ್ತದೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1200 ಮಿಗ್ರಾಂಗೂ ಜಾಸ್ತಿ ಸೋಡಿಯಂ ಇರುತ್ತದೆ, ಬಿಪಿ ಇರುವವರಿಗೆ ಅದು ಬೇಡ. ಎಂಟ್ಹತ್ತು ತುಂಡು ಒಂದು ಸಲಕ್ಕೆ ಸಾಕು. ಆಸ್ಪತ್ರೆಗೆ ಹೋಗಿ ಗಂಟೆಗಟ್ಟಲೆ ಕಾಯಬೇಕಾದ ದಿನ ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಂಡರೆ ಕ್ಯಾಂಟೀನಿನ ಬನ್ನು, ಚಿಪ್ಸ್ ತಪ್ಪುತ್ತದೆ.

ಅಂಗಡಿಯ ಸಿಹಿಗಳ ಬಗ್ಗೆಯೂ ಕೇಳುತ್ತೀರಿ ಅಂತ ಗೊತ್ತು. ಪೇಡ, ಕುಂದಾ, ಬರ್ಫಿ ಇವೆಲ್ಲ ಖೋವಾದವು. ಐದು ಲೀಟರಿನಷ್ಟು ಹಾಲು ಬತ್ತಿ ಒಂದು ಕೆಜಿ ಖೋವಾ ಆಗುತ್ತದೆ. ಹಾಲಿನ ಫಾಸ್ಫರಸ್, ಪೊಟ್ಯಾಸಿಯಂ ಎರಡೂ ಅದರಲ್ಲಿ ಒತ್ತಾಗಿ ಕೂತಿರುತ್ತವೆ. ಧಾರವಾಡ ಪೇಡ ಎಷ್ಟೇ ಇಷ್ಟವಾದರೂ ಈಗ ಬೇಡ. ಆಶ್ಚರ್ಯ ಅನ್ನಿಸಬಹುದು, ಮೈಸೂರು ಪಾಕ್ ಅದಕ್ಕಿಂತ ವಾಸಿ. ಅದರಲ್ಲಿ ಕಡಲೆ ಹಿಟ್ಟಿನ ಪಾಲು ತೀರಾ ಕಮ್ಮಿ, ಬಹುಪಾಲು ಸಕ್ಕರೆ ಮತ್ತು ತುಪ್ಪ. 30 ಗ್ರಾಂನ ಒಂದು ತುಂಡಿನಲ್ಲಿ ಪೊಟ್ಯಾಸಿಯಂ 30, 40 ಮಿಗ್ರಾಂ ಇರಬಹುದು ಅಷ್ಟೇ. ಕೊಬ್ಬು ಜಾಸ್ತಿ ಇರುವುದರಿಂದ ದಿನಾ ಬೇಡ, ಯಾವಾಗಲಾದರೂ ಒಂದು ಸಣ್ಣ ತುಂಡು ಕೊಡಬಹುದು. ಅವರಿಗೆ ಹೃದಯದ ತೊಂದರೆ ಇದ್ದರೆ ಅದನ್ನೂ ಬಿಡಿ.

ಬಿಸ್ಕತ್ತು, ಕೇಕು, ಜಾಮೂನ್ ಮಿಕ್ಸ್ ಕೊಳ್ಳುವಾಗ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ. ತಿಂಡಿಗೆ ಬೆರೆಸಿದ ಪದಾರ್ಥಗಳನ್ನು ಐಎನ್ಎಸ್ ಅನ್ನುವ ಗುರುತಿನ ಸಂಖ್ಯೆಯಲ್ಲಿ ಬರೆದಿರುತ್ತಾರೆ. ಐಎನ್ಎಸ್ 338ರಿಂದ 341, 450ರಿಂದ 452 ಈ ಸಂಖ್ಯೆಗಳು ಕಂಡರೆ ವಾಪಸ್ ಇಡಿ. ಮೊದಲು ಹೇಳಿದ ಫಾಸ್ಫೇಟ್ ಇವೇ. ಬೇಕಿಂಗ್ ಪೌಡರ್‌ನಲ್ಲೂ ಇವು ಇರುವುದು ಸಾಮಾನ್ಯ.

ಜೊತೆಗೆ ಕಾಫಿ. ಸಣ್ಣ ಲೋಟದ ಫಿಲ್ಟರ್ ಕಾಫಿಗೆ 75 ಮಿಲಿ ಹಾಲು ಹಾಕಿದರೆ ಹಾಲಿನದೇ ಸುಮಾರು 100 ಮಿಗ್ರಾಂ ಪೊಟ್ಯಾಸಿಯಂ, ಡಿಕಾಕ್ಷನ್ನಿನದು ಬೇರೆ. ಹಾಲು ಸ್ವಲ್ಪ ಕಡಿಮೆ ಮಾಡಿ, ಡಿಕಾಕ್ಷನ್ ತೆಳುವಾಗಿರಲಿ, ದಿನಕ್ಕೆ ಒಂದೇ ಲೋಟ ಇರಲಿ. ಕಾಫಿ ಪೂರ್ತಿ ಬಿಡಿಸಿ ಮನೆಯಲ್ಲಿ ಜಗಳ ಮಾಡಿಕೊಳ್ಳುವ ಅಗತ್ಯ ಇಲ್ಲ. ಬದಲಿಗೆ ಎಳನೀರು ಕೊಡಬೇಡಿ. ಒಂದು ಎಳನೀರಿನಲ್ಲಿ 500, 600 ಮಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಬಿಪಿ ಇದೆ ಅಂತ ಕೆಲವರು ಸೋಡಿಯಂ ಕಡಿಮೆ ಇರುವ ಉಪ್ಪನ್ನು ತರುತ್ತಾರೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಪ್ಯಾಕೆಟ್ ಇದ್ದರೆ ಇವತ್ತೇ ಬದಲಾಯಿಸಿ. ಸಾದಾ ಉಪ್ಪನ್ನೇ ದಿನಕ್ಕೆ ಒಟ್ಟು 5 ಗ್ರಾಂ ಮೀರದಂತೆ ಬಳಸಿ.

ಪೊಟ್ಯಾಸಿಯಂ ಏರಲು ಉಂಡೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳೂ ಅದನ್ನು ಸ್ವಲ್ಪ ಏರಿಸುತ್ತವೆ. ಅವು ಕಿಡ್ನಿಯನ್ನು ಕಾಯುವ ಮಾತ್ರೆಗಳೇ, ನೀವಾಗಿ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ, ಬದಲಾಯಿಸುವುದಿದ್ದರೆ ಅವರೇ ಬದಲಾಯಿಸುತ್ತಾರೆ. ಮಲಬದ್ಧತೆ ಇದೆಯಾ ಅಂತಲೂ ನೋಡಿ. ಕಿಡ್ನಿ ಸೋತಾಗ ಪೊಟ್ಯಾಸಿಯಂ ಒಂದಿಷ್ಟು ಕರುಳಿನ ಮೂಲಕವೇ ಹೋಗಬೇಕು. ಹೊಟ್ಟೆ ಸರಿಯಾಗಿ ಹೋಗದಿದ್ದರೆ ಅದೂ ಒಳಗೇ ಉಳಿಯುತ್ತದೆ. ನಾಚಿಕೆಯಿಂದ ಹಿರಿಯರು ಇದನ್ನು ಹೇಳಿಕೊಳ್ಳುವುದಿಲ್ಲ, ನಿಮ್ಮ ಯಜಮಾನರಿಂದ ಕೇಳಿಸಿ. 5.6 ಅನ್ನು ಸುಮ್ನೆ ಬಿಡುವ ಹಾಗಿಲ್ಲ. ಮತ್ತೆ ರಕ್ತ ಪರೀಕ್ಷೆ ಯಾವಾಗ ಅಂತ ಡಾಕ್ಟರು ಹೇಳಿಲ್ಲದಿದ್ದರೆ ನಾಳೆಯೇ ಫೋನ್ ಮಾಡಿ ಕೇಳಿ. ಕೈಕಾಲು ತೀರಾ ಸೋಲುವುದು, ಎದೆ ಡವಗುಟ್ಟುವುದು, ತಲೆ ಸುತ್ತಿ ಬೀಳುವಂತಾಗುವುದು ಆದರೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ.

ಇದನ್ನು ಓದುತ್ತಿರುವ ಬೇರೆ ಮನೆಗಳಲ್ಲಿ ಕಿಡ್ನಿ ತೊಂದರೆ ಜೊತೆ ಶುಗರ್ ಕೂಡ ಇರಬಹುದು. ಅವರು ಈ ಕೇಸರಿಬಾತನ್ನು ಹೀಗೇ ತಿನ್ನುವಂತಿಲ್ಲ. ಶುಗರ್ ಹತೋಟಿಯಲ್ಲಿದ್ದರೆ ಎರಡು ಚಮಚ, ಅದೂ ಊಟದ ಕೊನೆಗೆ, ಆ ಹೊತ್ತಿನ ಅನ್ನ ಅಷ್ಟು ಕಡಿಮೆ ಮಾಡಿ. ಸಕ್ಕರೆ ಬೇಡ ಅಂತ ಖರ್ಜೂರ, ಬೆಲ್ಲಕ್ಕೆ ಹೋಗಬೇಡಿ. ಶುಗರೂ ಏರುತ್ತದೆ, ಪೊಟ್ಯಾಸಿಯಂ ಕೂಡ ಏರುತ್ತದೆ. ಇನ್ನೊಂದು ವಿಷಯ. ಕಿಡ್ನಿ ಸೋತವರಲ್ಲಿ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಶುಗರ್ ತಟ್ಟನೆ ಇಳಿಯುವುದುಂಟು. ಆಗ ಕಿತ್ತಳೆ ಜ್ಯೂಸ್, ಎಳನೀರು ಕೊಡಬೇಡಿ. ಮೂರು ಟೀ ಚಮಚ ಸಾದಾ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಕೆಜಿಗೆ 1ರಿಂದ 1.2 ಗ್ರಾಂ. ಅವರಿಗೂ ಈ ಸಿಹಿ ನಡೆಯುತ್ತದೆ, ಆದರೆ ಊಟದ ಬದಲಿಗೆ ಇದೇ ಆಗಬಾರದು. ನೀರು ಮಿತಿಯಲ್ಲಿರುವವರು ಪಾಯಸ ಕುಡಿದರೆ ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸಿ.

ಕೊನೆಗೆ ಸಂಕ್ರಾಂತಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ. ಎಳ್ಳು ಬೀರುವ ತಟ್ಟೆಯಲ್ಲಿ ಇರುವ ಐದೂ ಅವರಿಗೆ ಆಗದವೇ. ಒಂದು ಹಿಡಿ, ಅಂದರೆ 30 ಗ್ರಾಂ ಮಿಶ್ರಣದಲ್ಲಿ ಪೊಟ್ಯಾಸಿಯಂ 200 ಮಿಗ್ರಾಂ ಆಸುಪಾಸು ಇರುತ್ತದೆ. ಬಂದವರೆಲ್ಲ ಕೊಟ್ಟ ಪೊಟ್ಟಣಗಳನ್ನು ಟಿವಿ ಮುಂದೆ ಕೂತು ಬಾಯಾಡಿಸಿದರೆ ಎಷ್ಟಾಗುತ್ತದೆ ನೋಡಿ. ಆದರೆ ಅದೇ ತಟ್ಟೆಯಲ್ಲಿ ಸಕ್ಕರೆ ಅಚ್ಚು ಇರುತ್ತದಲ್ಲ! ಅದು ಬಹುತೇಕ ಬರೀ ಸಕ್ಕರೆ. ಎಳ್ಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಶಾಸ್ತ್ರ ಮುಗಿಸಲಿ, ಒಂದು ಅಚ್ಚನ್ನು ಖುಷಿಯಾಗಿ ತಿನ್ನಲಿ. ಅವರಿಗೆ ಇಷ್ಟವಾದ ಆಕಾರದ್ದನ್ನು ಮೊಮ್ಮಕ್ಕಳು ಆರಿಸಿ ಕೊಡಲಿ. ಕಬ್ಬಿನ ಹಾಲು ಬೇಡ.

ಸಿಹಿ ಪೊಂಗಲ್ ಎಲ್ಲರಿಗೂ ಬೆಲ್ಲದಲ್ಲೇ ಮಾಡಿ. ಅವರಿಗೆ ಮಾತ್ರ ಒಂದು ಪುಟ್ಟ ಪಾತ್ರೆಯಲ್ಲಿ ಬೇರೆ ಮಾಡಿ. ಕಾಲು ಕಪ್ ಅಕ್ಕಿಗೆ ಹೆಸರುಬೇಳೆ ಒಂದೇ ದೊಡ್ಡ ಚಮಚ ಹಾಕಿ, ನೀರಿನಲ್ಲಿ ಮೆತ್ತಗೆ ಬೇಯಿಸಿ. ನಾಲ್ಕು ದೊಡ್ಡ ಚಮಚ ಸಕ್ಕರೆ, ಎರಡು ಚಮಚ ತುಪ್ಪ, ಒಂದು ಲವಂಗ, ಏಲಕ್ಕಿ, ಕೂದಲೆಳೆಯಷ್ಟು ಪಚ್ಚಕರ್ಪೂರ. ಕಾಯಿತುರಿ, ಗೋಡಂಬಿ, ದ್ರಾಕ್ಷಿ ಬೇಡ. ಇದು ಮೂರು ಪಾಲಾಗುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಕೊಟ್ಟರೆ ಆ ದಿನ ಕೇಸರಿಬಾತ್ ಬೇಡ. ಅದೇ ಹೊತ್ತಿಗೆ ಅವರೆಕಾಯಿ ಕಾಲವೂ ಇರುತ್ತದೆ. ಖಾರದ ಹುಗ್ಗಿಗೆ, ಸಾರಿಗೆ ಅವರೆಬೇಳೆ ಹಾಕುವಾಗ ಅವರ ಪಾಲನ್ನು ಮೊದಲೇ ತೆಗೆದಿಡಿ. ಅವರೆಬೇಳೆಯಲ್ಲೂ ಪೊಟ್ಯಾಸಿಯಂ ಸಾಕಷ್ಟು ಇರುತ್ತದೆ. ಹಬ್ಬ ಮುಗಿದ ವಾರದಲ್ಲಿ ರಕ್ತ ಪರೀಕ್ಷೆ ಇದ್ದರೆ ಆ ದಿನಗಳಲ್ಲಿ ಅವರು ಏನೇನು ತಿಂದರು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ರಿಪೋರ್ಟ್ ಜೊತೆ ಡಾಕ್ಟರಿಗೆ, ನಿಮ್ಮ ಆಸ್ಪತ್ರೆಯ ಡಯಟಿಶಿಯನ್‌ಗೆ ತೋರಿಸಿ.